ನೀರಲ್ಲಿ ನಿಂತ ಬೇರುಗಳು

ನಮ್ಮ ಹಳೆಯ ಸಂಶೋಧನಾ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಈಚೆಗೆ ಕೋಲಾರದ ನಮ್ಮ ಮನೆಗೆ ಬಂದಿದ್ದಳು. ಕಾಫಿ ಕುಡಿಯುತ್ತಾ, "ಮೇಡಂ, ನೀವು ಅಷ್ಟು ವರ್ಷ ಅಲ್ಲಿ ಯಾವ ವಿಷಯದ ಮೇಲೆ ಕೆಲಸ ಮಾಡಿದ್ರಿ?" ಎಂದು ಕೇಳಿದಳು. ಬೇರಿಗೆ ಆಮ್ಲಜನಕ ಸಾಲದೇ ಹೋದಾಗ ಅದರ ಜೀವಕೋಶ ಏನು ಮಾಡುತ್ತದೆ ಎಂದು ನೋಡುತ್ತಿದ್ದೆ ಎಂದೆ. ಸೌಜನ್ಯಕ್ಕೆ ತಲೆಯಾಡಿಸಿದಳು. ಅವಳ ಮುಖದಲ್ಲಿದ್ದ ಅನುಮಾನ ನನಗೆ ಚೆನ್ನಾಗಿ ಗೊತ್ತು. ನೀರು ನಿಂತ ನೆಲದಲ್ಲಿ ತಾನೇ ಬೇರಿಗೆ ಉಸಿರು ಕಟ್ಟುವುದು? ಬೋರ್‌ವೆಲ್ ಎಷ್ಟು ಆಳಕ್ಕೆ ಹೋದರೂ ಬರೀ ಧೂಳೇ ಬರುವ ಈ ಜಿಲ್ಲೆಯಲ್ಲಿ ನೀರು ನಿಲ್ಲುವುದೆಲ್ಲಿ?

ಇದೇ ಪ್ರಶ್ನೆಯನ್ನು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮುಖ್ಯಸ್ಥರಾಗಿದ್ದ ರಾಮಚಂದ್ರಯ್ಯನವರೂ ಕೇಳಿದ್ದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಸಿಕ್ಕಿತು, ಆದರೆ ಒಂದೇ ಸಲಕ್ಕಲ್ಲ. ಈ ಕೆಲಸಕ್ಕೆ ಬರುವ ಹುಡುಗರಿಗೆ ಉಪಯೋಗವಾದೀತು ಎಂದು ಅದನ್ನೇ ಬರೆಯುತ್ತಿದ್ದೇನೆ.

ಮೊದಲ ಉತ್ತರ ಸಿಕ್ಕಿದ್ದು ಮಾಲೂರಿನ ಕಡೆಯ ಒಂದು ಟೊಮೆಟೊ ತೋಟದಲ್ಲಿ. ಹನಿ ನೀರಾವರಿಯ ಪೈಪುಗಳು ಆಗಷ್ಟೇ ನಮ್ಮ ಕಡೆ ಬರತೊಡಗಿದ್ದವು. ಕೃಷ್ಣಪ್ಪ ಎಂಬ ರೈತರು ಗಿಡಗಳೆಲ್ಲಾ ಬಾಡುತ್ತಿವೆ ಎಂದು ಹೇಳಿ ಕಳಿಸಿದ್ದರು. ರಾಮಚಂದ್ರಯ್ಯನವರು, ನಾನು ಜೀಪಿನಲ್ಲಿ ಹೋದೆವು. ಗಿಡಗಳ ಎಲೆಗಳು ಕೆಳಮುಖವಾಗಿ ಜೋತುಬಿದ್ದಿದ್ದವು. ರಾಮಚಂದ್ರಯ್ಯನವರು ಎಲೆ ತಿರುವಿ ನೋಡಿದರು, ಕಾಂಡ ಸೀಳಿ ನೋಡಿದರು. ರೋಗದ ಗುರುತು ಸಿಗಲಿಲ್ಲ. ಕೃಷ್ಣಪ್ಪನವರು ಕೈ ಕಟ್ಟಿಕೊಂಡು ನಿಂತಿದ್ದರು.

"ನಾನೇನ್ ಕಮ್ಮಿ ಮಾಡಿಲ್ಲ ಸಾರ್. ಬಾಡ್ದಂಗೆ ಕಂಡಾಗೆಲ್ಲ ನೀರು ಬಿಡ್ತಾನೇ ಇದೀನಿ."

ನಾನು ಒಂದು ಗಿಡವನ್ನು ಬೇರುಸಹಿತ ಕಿತ್ತೆ. ಕೆರೆ ಗೋಡು, ಅಂದರೆ ಕೆರೆಯ ಹೂಳುಮಣ್ಣು, ತಂದು ಹರಡಿದ್ದ ನೆಲ. ಮಣ್ಣು ಅಂಟಂಟಾಗಿ ಹಿಟ್ಟಿನ ಮುದ್ದೆಯಂತೆ ಬಂತು. ಬೇರನ್ನು ಮೂಗಿನ ಹತ್ತಿರ ಹಿಡಿದೆ. ಹುಳಿ ಹೆಂಡದ ವಾಸನೆ.

"ಹೆಂಡದ ವಾಸನೆ ಬರ್ತಿದೆ ಸಾರ್," ಎಂದೆ.

ಕೃಷ್ಣಪ್ಪನವರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು. "ನಾನು ಮುಟ್ಟೋನೇ ಅಲ್ಲ ಕಣಮ್ಮ! ಬೇಕಾದ್ರೆ ಮನೇಲಿ ಕೇಳಿ."

ರಾಮಚಂದ್ರಯ್ಯನವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಕೃಷ್ಣಪ್ಪನವರಿಗೆ ಆದದ್ದನ್ನು ವಿವರಿಸಿದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರಬೇಕು. ಅಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರಿಗೆ ಉಸಿರಾಡಲು ಆಮ್ಲಜನಕ ಇರುವುದಿಲ್ಲ. ಆಗ ಬೇರಿನ ಜೀವಕೋಶ ತನ್ನಲ್ಲಿರುವ ಸಕ್ಕರೆಯನ್ನು ಆಮ್ಲಜನಕವಿಲ್ಲದೆಯೇ ಒಡೆದು, ಒಂದಿಷ್ಟು ಶಕ್ತಿ ಪಡೆದು ದಿನ ದೂಡುತ್ತದೆ. ಆ ದಾರಿಯಲ್ಲಿ ಕೊನೆಗೆ ಉಳಿಯುವುದು ಹೆಂಡದಲ್ಲಿರುವ ಅದೇ ಮದ್ಯಸಾರ. ಉಸಿರು ಕಟ್ಟಿದ ಬೇರು ನೀರನ್ನೂ ಸರಿಯಾಗಿ ಹೀರಲಾರದು, ಅದಕ್ಕೇ ಎಲೆ ಬಾಡಿದಂತೆ ಕಾಣುತ್ತದೆ. ಬಾಡಿತೆಂದು ಕೃಷ್ಣಪ್ಪನವರು ಇನ್ನಷ್ಟು ನೀರು ಬಿಡುತ್ತಿದ್ದರು. ನೀರು ನಿಲ್ಲಿಸಿ, ಸಾಲುಗಳ ನಡುವೆ ಕಾಲುವೆ ತೆಗೆದ ಮೇಲೆ ತೋಟದ ಬಹುಪಾಲು ಚೇತರಿಸಿಕೊಂಡಿತು.

ವಾಪಸು ಬರುವಾಗ ಜೀಪಿನಲ್ಲಿ ರಾಮಚಂದ್ರಯ್ಯನವರು ಹೇಳಿದರು: "ಚೆನ್ನಾಗಿ ಹಿಡಿದೆ ಕಣಮ್ಮ. ಆದರೆ ಇದು ಒಂದು ತೋಟದ ಕತೆ. ಈ ಊರಿಗೆ ಬೇಕಾಗಿರೋದು ನೀರಿಲ್ಲದೆ ಬದುಕೋ ಗಿಡ. ನೀರಲ್ಲಿ ಮುಳುಗೋ ಗಿಡದ ಹಿಂದೆ ಬಿದ್ದು ಆಯಸ್ಸು ಸವೆಸಬೇಡ."

ಅವರ ಮಾತು ತಪ್ಪಲ್ಲ. ನಾನೂ ಬಹಳ ವರ್ಷ ಬರ ತಡೆಯುವ ರಾಗಿ, ಬರ ತಡೆಯುವ ಬೀನ್ಸ್ ಎಂದು ಅವರು ಹೇಳಿದ ಕೆಲಸವನ್ನೇ ಮಾಡಿದೆ. ಆದರೆ ಕೇಂದ್ರದ ಹಿತ್ತಲಿನಲ್ಲಿ, ತಳದಲ್ಲಿ ತೂತಿಲ್ಲದ ಬಕೆಟುಗಳಲ್ಲಿ ಟೊಮೆಟೊ ನೆಟ್ಟು ನೀರು ನಿಲ್ಲಿಸಿ ನೋಡುವುದನ್ನು ಮಾತ್ರ ಬಿಡಲಿಲ್ಲ. ರಾಮಚಂದ್ರಯ್ಯನವರು ಆ ಬಕೆಟುಗಳ ಪಕ್ಕದಲ್ಲೇ ದಿನವೂ ಓಡಾಡುತ್ತಿದ್ದರು. ಏನಿದು ಎಂದು ಒಮ್ಮೆಯೂ ಕೇಳಲಿಲ್ಲ. ಬಕೆಟು ಒಡೆದಾಗ ಹೊಸದಕ್ಕೆ ಸಹಿ ಮಾಡಿಕೊಟ್ಟರು. ಮೇಲಿನವರು ಕೊಡಬಹುದಾದ ಪ್ರೋತ್ಸಾಹದಲ್ಲಿ ಇದೂ ಒಂದು ಬಗೆ ಎಂದು ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು.

ನನ್ನನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ. ಆಮ್ಲಜನಕ ಕಡಿಮೆಯಾಗಿದೆ ಎಂದು ಜೀವಕೋಶಕ್ಕೆ ತಿಳಿಯುವುದು ಹೇಗೆ? ಮದ್ಯಸಾರ ಮಾಡುವ ಕಿಣ್ವಗಳ ಜೀನ್‌ಗಳು ಸಾಮಾನ್ಯ ದಿನಗಳಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತವೆ. ನೀರು ನಿಂತ ಸ್ವಲ್ಪ ಹೊತ್ತಿಗೇ ಎದ್ದು ಕೆಲಸ ಶುರುಮಾಡುತ್ತವೆ. ಅವನ್ನು ಎಬ್ಬಿಸುವವರು ಯಾರು? ನಾನು ಓದುವಾಗ ಇದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಆಮೇಲೆ ಒಂದೊಂದಾಗಿ ಪ್ರಬಂಧಗಳು ಬಂದವು. ಓದಿದಾಗ ಆಶ್ಚರ್ಯವಾಯಿತು. ಎಬ್ಬಿಸುವ ಕೆಲಸ ಒಂದು ಬಗೆಯ ಪ್ರೋಟೀನಿನದು. ಅದನ್ನು ಆಮ್ಲಜನಕ ಇಲ್ಲವಾದಾಗ ಹೊಸದಾಗಿ ತಯಾರಿಸಲು ಕೂರುವುದಿಲ್ಲ. ಜೀವಕೋಶ ಅದನ್ನು ಯಾವಾಗಲೂ ತಯಾರಿಸುತ್ತಲೇ ಇರುತ್ತದೆ. ಆಮ್ಲಜನಕ ಇರುವವರೆಗೆ, ಆ ಆಮ್ಲಜನಕದಿಂದಲೇ ಅದಕ್ಕೊಂದು ಗುರುತು ಬಿದ್ದು, ಗುರುತು ಬಿದ್ದದ್ದೆಲ್ಲ ಒಡನೆಯೇ ನಾಶವಾಗುತ್ತದೆ. ಆಮ್ಲಜನಕ ಕಡಿಮೆಯಾದ ಗಳಿಗೆ ಗುರುತು ಬೀಳುವುದು ನಿಲ್ಲುತ್ತದೆ. ಪ್ರೋಟೀನು ಉಳಿದುಕೊಳ್ಳುತ್ತದೆ, ಕೋಶಕೇಂದ್ರಕ್ಕೆ ಹೋಗುತ್ತದೆ, ಬೇಕಾದ ಜೀನ್‌ಗಳನ್ನು ಎಬ್ಬಿಸುತ್ತದೆ. ಬೆಟ್ಟ ಹತ್ತಿದಾಗ ನಮ್ಮ ದೇಹದ ಜೀವಕೋಶಗಳು ಮಾಡುವುದೂ ಇಂಥದೇ ಕೆಲಸ. ಪ್ರೋಟೀನು ಬೇರೆ, ಉಪಾಯ ಒಂದೇ.

ದಿನವೂ ಮಾಡಿ ದಿನವೂ ಕೆಡವುವುದು ದುಂದಿನಂತೆ ಕಾಣುತ್ತದೆ. ಆದರೆ ಉಸಿರು ಕಟ್ಟಿದ ಮೇಲೆ ಹೊಸದನ್ನು ತಯಾರಿಸಲು ಜೀವಕೋಶಕ್ಕೆ ಶಕ್ತಿಯೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಪುಸ್ತಕದಲ್ಲಿ ಇದನ್ನು ಓದಿ ತಲೆದೂಗುವುದು ಸುಲಭ. ಅದು ಎಷ್ಟು ಚುರುಕಿನ ವ್ಯವಹಾರ ಎಂದು ನನಗೆ ನಿಜವಾಗಿ ತಿಳಿದದ್ದು ಹರ್ಷಿತಾಳ ಎಡವಟ್ಟಿನಿಂದ.

ಹರ್ಷಿತಾ ಮುಳಬಾಗಿಲಿನವಳು, ನನ್ನ ಹತ್ತಿರ ಸಂಶೋಧನೆಗೆ ಸೇರಿದ್ದಳು. ಅಷ್ಟು ಹೊತ್ತಿಗೆ ಬೇರನ್ನು ಮೂಸಿ ನೋಡುವ ಕಾಲ ಹೋಗಿ, ಯಾವ ಜೀನ್ ಎಷ್ಟು ಎದ್ದಿದೆ ಎಂದು ಅಳೆಯುವ ಯಂತ್ರ ನಮ್ಮ ಕೇಂದ್ರಕ್ಕೆ ಬಂದಿತ್ತು. ಕ್ಯಾಲನೂರಿನ ಹತ್ತಿರ, ಕೆರೆಯಂಚಿನ ಜೌಗು ನೆಲದಲ್ಲಿ ನಮ್ಮದೊಂದು ಟೊಮೆಟೊ ಪ್ರಯೋಗ ನಡೆಯುತ್ತಿತ್ತು. ಹರ್ಷಿತಾ ಅಲ್ಲಿಂದ ಬೇರು ತಂದು ಅಳೆದಳು. ಏನೂ ಇಲ್ಲ. ನೀರಲ್ಲಿ ನಿಂತ ಗಿಡಕ್ಕೂ ಒಣನೆಲದ ಗಿಡಕ್ಕೂ ವ್ಯತ್ಯಾಸವೇ ಇಲ್ಲ. ಮತ್ತೆ ಹೋಗಿ ತಂದಳು, ಮತ್ತೆ ಅದೇ. ಹುಡುಗಿ ಅಳುವಂತಾದಳು.

"ನೀನು ಬೇರು ತರೋದು ಹೇಗೆ ಅಂತ ಮೊದಲಿಂದ ಹೇಳು," ಎಂದೆ.

"ಕೀಳ್ತೀನಿ ಮೇಡಂ. ಕೆಸರು ಇರುತ್ತಲ್ಲ, ಪಂಪ್‌ಸೆಟ್ ನೀರಲ್ಲಿ ಚೆನ್ನಾಗಿ ತೊಳೀತೀನಿ. ಒಂಚೂರೂ ಮಣ್ಣಿಲ್ಲದಂಗೆ. ಆಮೇಲೆ ಐಸ್ ಡಬ್ಬೀಲಿ ಇಟ್ಕೊಂಡು ಬಸ್ಸಲ್ಲಿ ಬರ್ತೀನಿ."

ಅಷ್ಟೇ ಸಾಕಾಯಿತು. ಪಂಪ್‌ಸೆಟ್ಟಿನಿಂದ ಚಿಮ್ಮುವ ನೀರಿನ ತುಂಬ ಗಾಳಿ. ಆ ನೀರಿಗೆ ಹಿಡಿದ ಕೂಡಲೇ ಬೇರಿಗೆ ಉಸಿರು ಸಿಕ್ಕಿತು. ಅಲ್ಲಿಯವರೆಗೆ ಉಳಿದಿದ್ದ ಪ್ರೋಟೀನು ಕರಗಿತು. ಎದ್ದಿದ್ದ ಜೀನ್‌ಗಳು ಕೋಲಾರದ ಬಸ್ಸು ಬರುವಷ್ಟರಲ್ಲಿ ಸುಮ್ಮನಾಗಿದ್ದವು. ಅವಳು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದೇ ಮುಳುವಾಗಿತ್ತು. ಬೇರನ್ನು ಕಿತ್ತ ಜಾಗದಲ್ಲೇ, ಕೆಸರಿನ ಸಮೇತ, ಆ ಗಳಿಗೆಯಲ್ಲೇ ಹೆಪ್ಪುಗಟ್ಟಿಸಬೇಕಿತ್ತು. ಅದಕ್ಕೆ ದ್ರವ ಸಾರಜನಕ ಬೇಕು. ಬೆಂಗಳೂರಿನಿಂದ ತರಿಸಿದರೆ ಕ್ಯಾಲನೂರು ತಲುಪುವಷ್ಟರಲ್ಲಿ ಪಾತ್ರೆ ಅರ್ಧ ಬರಿದಾಗುತ್ತಿತ್ತು.

ದಾರಿ ತೋರಿಸಿದ್ದು ಹಳ್ಳಿಯ ಹಸುಗಳು. ಹಾಲಿನ ಡೇರಿ ಇರುವ ಕಡೆಯೆಲ್ಲ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರು ಇರುತ್ತಾರೆ, ಅವರ ಬಳಿ ಹೋರಿಯ ವೀರ್ಯ ಇಡುವ ದ್ರವ ಸಾರಜನಕದ ಜಾಡಿ ಇರುತ್ತದೆ. ಕ್ಯಾಲನೂರಿನಲ್ಲಿ ಆ ಕೆಲಸ ಮಾಡುತ್ತಿದ್ದವರು ಚೌಡರೆಡ್ಡಿ. ಹೋಗಿ ಕೇಳಿದೆ.

"ಟೊಮೆಟೊ ಬೇರಿಗೆ ಇದ್ಯಾಕಮ್ಮ?" ಅವರಿಗೆ ನಂಬಿಕೆಯೇ ಬರಲಿಲ್ಲ. "ಅದಕ್ಕೂ ಸೂಜಿ ಹಾಕ್ತೀರಾ?"

ಹೇಳಿದ್ದೆಲ್ಲ ಕೇಳಿಸಿಕೊಂಡು, ಹಸುಗಳ ಕೆಲಸ ಮುಗಿದ ಒಂದು ಬೆಳಿಗ್ಗೆ ತಾವೇ ಜಾಡಿಯನ್ನು ಬೈಕಿಗೆ ಕಟ್ಟಿಕೊಂಡು ಹೊಲಕ್ಕೆ ಬಂದರು. ಹರ್ಷಿತಾ ಕಿತ್ತಳು, ನಾನು ಕತ್ತರಿಸಿದೆ, ಚೌಡರೆಡ್ಡಿ ಬಿಳಿಹೊಗೆ ಏಳುತ್ತಿದ್ದ ಬಟ್ಟಲಿಗೆ ಬೇರು ಹಾಕಿಸಿಕೊಂಡರು. ಚಟಚಟ ಸದ್ದಾಯಿತು. ಡೇರಿಗೆ ಹಾಲು ಹಾಕಿ ಮರಳುತ್ತಿದ್ದವರೆಲ್ಲ ಬದುವಿನ ಮೇಲೆ ಸಾಲಾಗಿ ನಿಂತು ನೋಡಿದರು. ಆ ಬೇರುಗಳನ್ನು ಅಳೆದಾಗ ಮದ್ಯಸಾರದ ಜೀನು ಯಂತ್ರದ ಪರದೆಯ ಮೇಲೆ ಎತ್ತರಕ್ಕೆ ಎದ್ದು ನಿಂತಿತು. ಹರ್ಷಿತಾ ಚೌಡರೆಡ್ಡಿಗೆ ಫೋನ್ ಮಾಡಿ, "ಅಣ್ಣಾ, ಸಿಕ್ತು!" ಎಂದು ಕೂಗಿದಳು. ಅತ್ತ ಕಡೆಯಿಂದ ಅವರು, "ಗಂಡೋ ಹೆಣ್ಣೋ?" ಎಂದು ಕೇಳಿದರಂತೆ.

ನಾನು ನಿವೃತ್ತಳಾಗುವ ಕೊನೆಯ ವರ್ಷಗಳಲ್ಲಿ, ಯಾರೂ ನಿರೀಕ್ಷಿಸದಂತೆ ನಮ್ಮ ಜಿಲ್ಲೆಯಲ್ಲಿ ಮಳೆ ಹಿಡಿಯಿತು. ತುಂಬುವುದನ್ನೇ ಮರೆತಿದ್ದ ಕೆರೆಗಳು ಕೋಡಿ ಬಿದ್ದವು. ಜನ ಬಾಗಿನ ಕೊಟ್ಟರು, ಕೋಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಶ್ರೀನಿವಾಸಪುರದ ಕಡೆಯ ಮಾವಿನ ತೋಟಗಳಿಂದ ಫೋನುಗಳು ಬರಲು ಶುರುವಾದದ್ದು ಆ ಸಂಭ್ರಮ ಮುಗಿದ ಮೇಲೆ.

ಮುನಿರತ್ನಮ್ಮ ಮತ್ತು ಅವರ ತಮ್ಮ ನಾರಾಯಣಸ್ವಾಮಿಯ ತೋಟ ಒಂದು ಕೆರೆಯ ಕೆಳಗಡೆ ಇತ್ತು. ಕೋಡಿ ನೀರು ತೋಟದೊಳಗೆ ಹರಿದು ನಿಂತುಬಿಟ್ಟಿತ್ತು. ನಾನು ಹೋದಾಗ ಮರಗಳು ಮೊಣಕಾಲುದ್ದ ನೀರಿನಲ್ಲಿದ್ದವು, ಎಲೆಗಳ ಹೊಳಪು ಹೋಗಿತ್ತು. ರಸ್ತೆಯಲ್ಲಿ ಮರದ ವ್ಯಾಪಾರಿಯ ಲಾರಿ ನಿಂತಿತ್ತು. ನಾರಾಯಣಸ್ವಾಮಿ ಅವನನ್ನು ಆಗಲೇ ಕರೆಸಿದ್ದರು. ಮರ ಹಸಿರಿರುವಾಗಲೇ ಕೊಟ್ಟರೆ ಹಲಗೆಗೆ ಬರುತ್ತದೆ. ನಿಂತಲ್ಲೇ ಸತ್ತು ಹುಳ ಹಿಡಿದರೆ ಸೌದೆಗಷ್ಟೇ.

"ನೀವೇ ನೋಡಿ ಮೇಡಂ," ಎಂದರು ನಾರಾಯಣಸ್ವಾಮಿ. "ನೀರು ನಿಂತಿದ್ದು ಸಾಲ್ದು ಅಂತ ರೋಗಾನೂ ಬಂದೈತೆ. ತೊಗಟೆ ಮೇಲೆಲ್ಲ ಗುಳ್ಳೆ. ಪೇಟೇಲಿ ಔಷಧಿ ಅಂಗ್ಡಿಯೋನು ಪೇಸ್ಟ್ ಬಳೀರಿ ಅಂದ. ಮಳೆಗೆ ತೊಳೆದೋಯ್ತದೆ ಅಂತ ನಾನೇ ಡಾಂಬರು ಬಳೀತಿದೀನಿ. ಅರ್ಧ ತೋಟ ಆಯ್ತು."

ನೀರಿನಲ್ಲಿ ಇಳಿದು ನೋಡಿದೆ. ಒಂದು ಕಡೆಯ ಸಾಲುಗಳ ಕಾಂಡಗಳಿಗೆ ನೀರಿನ ಮಟ್ಟದಿಂದ ಸೊಂಟದೆತ್ತರದವರೆಗೆ ಕಪ್ಪು ಡಾಂಬರು. ಇನ್ನೊಂದು ಕಡೆಯ, ಇನ್ನೂ ಬಳಿಯದ ಮರಗಳಲ್ಲಿ ಸರಿಯಾಗಿ ನೀರಿನ ಮೇಲಂಚಿಗೆ ಬಿಳಿಯ, ಉಬ್ಬಿದ ಗುಳ್ಳೆಗಳು. ಬೆರಳಿನಿಂದ ಒತ್ತಿದರೆ ಸ್ಪಂಜಿನಂತೆ ಮೆತ್ತಗೆ. ಅದು ರೋಗವಲ್ಲ. ತೊಗಟೆಯ ಮೇಲೆ ಸುಲಭವಾಗಿ ಕಣ್ಣಿಗೆ ಬೀಳದಷ್ಟು ಸಣ್ಣ ಉಸಿರಿನ ತೂತುಗಳಿರುತ್ತವೆ. ನೀರಿನಡಿಯ ಜೀವಕೋಶಗಳಿಗೆ ಆಮ್ಲಜನಕ ಕಡಿಮೆಯಾದಾಗ, ಎದ್ದ ಜೀನ್‌ಗಳ ಒಂದು ಕೆಲಸ ಆ ತೂತುಗಳ ಅಂಚಿನ ಕೋಶಗಳನ್ನು ಬೆಳೆಸಿ, ಉಬ್ಬಿಸಿ, ಸಡಿಲ ಮಾಡುವುದು. ಅಲ್ಲಿಂದ ಗಾಳಿ ಒಳಗೆ ಹೋಗುತ್ತದೆ. ಮರ ನೀರಿನ ಮೇಲೆ ಮೂಗು ಎತ್ತಿತ್ತು. ನಾರಾಯಣಸ್ವಾಮಿ ಅದನ್ನು ಮುಚ್ಚುತ್ತಾ ಬಂದಿದ್ದರು.

ನನಗೆ ಗೊತ್ತಿದ್ದದ್ದಿಷ್ಟು: ಕುಂಡದಲ್ಲಿ ಬೆಳೆಸಿದ ಎಳೆಯ ಮಾವಿನ ಸಸಿಗಳ ಗುಳ್ಳೆ ಮುಚ್ಚಿದರೆ ಅವು ಸಾಯುತ್ತವೆ ಎಂದು ಓದಿದ್ದೆ. ದೊಡ್ಡ ಮರಗಳಲ್ಲಿ ನಾನೂ ನೋಡಿರಲಿಲ್ಲ. ಇದನ್ನು ಹಾಗೆಯೇ ಹೇಳಿದೆ.

"ಅಂದ್ರೆ ಡಾಂಬರು ತೆಗೆದ್ರೆ ಉಳೀತದೆ ಅಂತ ಗ್ಯಾರಂಟಿ ಕೊಡ್ತೀರಾ?" ನಾರಾಯಣಸ್ವಾಮಿಯ ದನಿ ಗಡುಸಾಯಿತು.

"ಇಲ್ಲ. ತೆಗೀದೆ ಇದ್ರೆ ಉಳಿಯೋದು ಕಷ್ಟ ಅಂತ ಮಾತ್ರ ಹೇಳ್ತೀನಿ."

"ಗ್ಯಾರಂಟಿ ಇಲ್ಲದ್ದಕ್ಕೆ ಇವತ್ತು ಬಂದಿರೋ ಲಾರೀನ ವಾಪಸ್ ಕಳಿಸ್ಲಾ?"

ಅದು ನ್ಯಾಯವಾದ ಪ್ರಶ್ನೆಯೇ. ನನ್ನ ಮಾತು ನಂಬಿ ಲಾರಿ ಕಳಿಸಿ, ಮರಗಳು ಸತ್ತರೆ, ಕಳೆದುಕೊಳ್ಳುವವಳು ನಾನಲ್ಲ. ಚೀಲದಿಂದ ಆಮ್ಲಜನಕ ಅಳೆಯುವ ಮೀಟರು ತೆಗೆದು ಅದರ ಕಡ್ಡಿಯನ್ನು ಮರದ ಬುಡದ ನೀರಿಗೆ ಇಳಿಸಿದೆ. ಅಂಕಿ ಇಳಿಯುತ್ತಾ ಇಳಿಯುತ್ತಾ ಸೊನ್ನೆಯ ಹತ್ತಿರ ಬಂದು ನಿಂತಿತು. ಅಲ್ಲಿಯವರೆಗೆ ಬದುವಿನ ಮೇಲೆ ಕೂತಿದ್ದ ಮುನಿರತ್ನಮ್ಮ ಎದ್ದು ಬಂದು ಬಗ್ಗಿ ನೋಡಿದರು.

"ಇದು ಆಕ್ಸಿಜನ್ ಲೆವೆಲ್ಲಾ ಮೇಡಂ?"

"ಹೌದಮ್ಮ."

"ಕೊರೊನಾದಾಗ ನಮ್ಮೆಜಮಾನ್ರ ಬೆರಳಿಗೆ ಹಾಕಿದ್ರಲ್ಲ, ಹಂಗೇನಾ?"

"ಹಂಗೇ ಅಂತಿಟ್ಕೊಳ್ಳಿ."

ಆಕೆ ಆ ಅಂಕಿಯನ್ನು ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು. ಅವರ ಯಜಮಾನರು ಆಸ್ಪತ್ರೆಯಿಂದ ಮರಳಿ ಬರಲಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ಅವರ ಮನೆಮಾತು ತೆಲುಗು, ನನ್ನದೂ ಅದೇ. ತಗ್ಗಿದ ದನಿಯಲ್ಲಿ, "ಚೆಟ್ಟುಕಿ ಕೂಡಾ ಆಯಾಸಂ ಉಂಟುಂದಾ?" ಎಂದರು. ಮರಕ್ಕೂ ಏದುಸಿರು ಬರುತ್ತಾ ಎಂದು ಅವರು ಕೇಳಿದ್ದು. ನಾನು ಹೂಂ ಎಂದೆ.

ಮುನಿರತ್ನಮ್ಮ ಸೀರೆಯನ್ನು ಮೇಲಕ್ಕೆ ಕಟ್ಟಿ, ತಮ್ಮನ ಕೈಯ ಕುಡುಗೋಲು ತೆಗೆದುಕೊಂಡು ನೀರಿಗೆ ಇಳಿದರು. ಬಿಸಿಲಿಗೆ ಮೆತ್ತಗಾಗಿದ್ದ ಡಾಂಬರನ್ನು ಕುಡುಗೋಲಿನ ಹಿಂಬದಿಯಿಂದ ಕೆರೆಯತೊಡಗಿದರು. ತೊಗಟೆಗೆ ಗಾಯವಾಗದಂತೆ ಹೇಗೆ ಕೆರೆಯಬೇಕೆಂದು ತೋರಿಸಿ, ನಾನೂ ಒಂದು ಮರ ಹಿಡಿದೆ. ಕಪ್ಪು ಪದರ ಎದ್ದು ಬಂದ ಕಡೆ ಚಪ್ಪಟೆಯಾದ ಗುಳ್ಳೆಗಳು ಕಂಡವು. ಬೂದಿ ಮತ್ತು ತೆಂಗಿನ ನಾರಿನಿಂದ ತಿಕ್ಕಿದೆವು.

"ಅಕ್ಕಾ, ಏನ್ ಮಾಡ್ತಿದೀಯಾ? ಎಷ್ಟು ಮರ ಅಂತ ಕೆರೀತೀಯಾ?" ಎಂದು ನಾರಾಯಣಸ್ವಾಮಿ ಬದುವಿನಿಂದ ಕೂಗಿದರು.

"ಆದಷ್ಟು ಕೆರೀತೀನಿ ಕಣೋ. ಅವತ್ತು ಆಸ್ಪತ್ರೆ ಬಾಗ್ಲಲ್ಲಿ ಕೂತ್ಕೊಂಡಿದ್ದು ಬಿಟ್ರೆ ಬೇರೆ ಏನೂ ಮಾಡೋಕಾಗ್ಲಿಲ್ಲ ನನ್ನ ಕೈಲಿ. ಇವತ್ತು ಕೈ ಆಡ್ತೈತೆ. ಆಡ್ಲಿ ಬಿಡು."

ನಾರಾಯಣಸ್ವಾಮಿ ರಸ್ತೆಗೆ ಹೋಗಿ ಲಾರಿಯವನ ಜೊತೆ ಏನೋ ಮಾತಾಡಿದರು. ಲಾರಿ ತಿರುಗಿಸಿಕೊಂಡು ಹೋದ ಸದ್ದು ಕೇಳಿತು. ವಾಪಸು ಬಂದವರು ಪಂಚೆ ಎತ್ತಿ ಕಟ್ಟಿ, ಅಕ್ಕನ ಪಕ್ಕದ ಮರಕ್ಕೆ ಬಂದು ನಿಂತು, "ಕೊಡು ಇಲ್ಲಿ. ಬಳಿದೋನು ನಾನು," ಎಂದು ಕುಡುಗೋಲು ಇಸಿದುಕೊಂಡರು.

ಹಲವು ದಿನ ಆ ಕೆಲಸ ನಡೆಯಿತು. ನಾನು ಬಿಡುವಾದಾಗಲೆಲ್ಲ ಹೋಗುತ್ತಿದ್ದೆ. ತೋಟದ ಕೆಳಮೂಲೆಯಲ್ಲಿ ನೀರು ಎದೆಮಟ್ಟ ಇತ್ತು. ಅಲ್ಲಿಯ ಒಂದು ಸಾಲಿಗೆ, ಗುಳ್ಳೆ ಎದ್ದ ಶುರುವಿನಲ್ಲೇ, ನೀರು ಅಷ್ಟು ಏರುವ ಮೊದಲೇ ಡಾಂಬರು ಬಿದ್ದಿತ್ತು. ಆ ಸಾಲಿಗೆ ಹೋಗಲು ನಮ್ಮಿಂದ ಆಗಲೇ ಇಲ್ಲ.

ನೀರು ಇಳಿದ ಮೇಲೆ ಕಾದೆವು. ಡಾಂಬರು ಮುಟ್ಟದ ಮರಗಳಲ್ಲಿ ಹೆಚ್ಚಿನವು ಉಳಿದವು, ಕೆಲವು ಹೋದವು. ಕೆರೆದ ಮರಗಳು ಬಹಳ ಎಲೆ ಉದುರಿಸಿದವು. ಬೋಳು ಕೊಂಬೆಗಳನ್ನು ನೋಡಿ ನಾರಾಯಣಸ್ವಾಮಿ ನನಗೆ ಫೋನ್ ಮಾಡುವುದನ್ನೇ ಬಿಟ್ಟರು. ಆ ದಿನಗಳಲ್ಲಿ ಶ್ರೀನಿವಾಸಪುರದ ಬಸ್ಸು ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ಹೋದೆ. ಮುನಿರತ್ನಮ್ಮ ನನ್ನ ಕೈ ಹಿಡಿದು ತೋಟದೊಳಗೆ ಕರೆದುಕೊಂಡು ಹೋದರು. ಕೆರೆದ ಸಾಲುಗಳ ತುದಿಕೊಂಬೆಗಳಲ್ಲಿ ತಾಮ್ರಬಣ್ಣದ ಚಿಗುರು ಇಣುಕುತ್ತಿತ್ತು. ಎಲ್ಲ ಮರಗಳಲ್ಲೂ ಅಲ್ಲ. ಆದರೆ ಸಾಲು ಉಳಿದಿತ್ತು ಎನ್ನಬಹುದಾದಷ್ಟು ಇತ್ತು. ನಮ್ಮಿಂದ ತಲುಪಲಾಗದ ಕೆಳಮೂಲೆಯ ಸಾಲಿನಲ್ಲಿ ಒಂದೂ ಉಳಿದಿರಲಿಲ್ಲ.

ನಾನು ಇದನ್ನು ಪ್ರಬಂಧವಾಗಿ ಬರೆದು ಕಳಿಸಿದಾಗ, ಹೋಲಿಸಿ ನೋಡಲು ಸರಿಯಾದ ವ್ಯವಸ್ಥೆ ಇಲ್ಲ ಎಂದು ವಾಪಸು ಬಂತು. ಅವರು ಹೇಳಿದ್ದು ಸರಿ. ಕೆಳಮೂಲೆಯ ನೀರೂ ಆಳವಾಗಿತ್ತು. ಆ ಮರಗಳು ಡಾಂಬರಿನಿಂದಲೇ ಸತ್ತವೆಂದು ನಾನು ಆಣೆ ಮಾಡಿ ಹೇಳಲಾರೆ. ಈ ಕೆಲಸಕ್ಕೆ ಬರುವವರು ಎರಡನ್ನೂ ಅಭ್ಯಾಸ ಮಾಡಿಕೊಳ್ಳಬೇಕು: ಖಚಿತವಾಗಿ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವುದು, ಹೇಳಿದ ಮೇಲೂ ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿಯುವುದು. ಹುಡುಗರಾದರೆ ಪ್ಯಾಂಟು ಮಡಚಿದರೆ ಆಯಿತು.

ನಾನು ನಿವೃತ್ತಳಾದ ಮೇಲಿನ ಮಳೆಗಾಲದಲ್ಲಿ, ಒಂದು ಮಧ್ಯಾಹ್ನ ಮುನಿರತ್ನಮ್ಮನ ಫೋನ್ ಬಂತು.

"ಮೇಡಂ, ಊಟ ಆಯ್ತಾ? ಕೆರೆ ಮತ್ತೆ ಕೋಡಿ ಬಿತ್ತು. ತೋಟಕ್ಕೆ ನೀರು ಬಂದೈತೆ."

"ಎಷ್ಟಿದೆ ಅಮ್ಮಾ ನೀರು? ನಾಳೇನೇ ಬರ್ತೀನಿ."

"ಮೊಣಕಾಲಿಗೆ ಬರ್ತದೆ. ತಮ್ಮ ಕಾಲುವೆ ಹೊಡೀತಾ ಇದಾನೆ, ಒಂದು ಕಡೆಯಿಂದ ಹೋಗ್ತಾ ಐತೆ. ಗುಳ್ಳೆ ಎದ್ದವೆ ಮೇಡಂ, ಎಲ್ಲಾ ಮರಕ್ಕೂ, ದಪ್ಪ ದಪ್ಪ. ನಾವು ಮುಟ್ಟಿಲ್ಲ. ಪಕ್ಕದ ತೋಟದೋರು ಡಾಂಬರು ಡಬ್ಬ, ಬ್ರಷ್ಷು ತಗೊಂಡು ಹೊರಟಿದ್ರು, ಇವನೇ ಹೋಗಿ ನಿಲ್ಲಿಸಿ ಬಂದ."

ಮುಂದೆ ಏನಾದರೂ ಕೇಳಿಯಾರು ಎಂದು ಕಾದೆ. ಅವರಿಗೆ ಕೇಳಬೇಕಾದ್ದೇನೂ ಇರಲಿಲ್ಲ. ಹೇಳುವುದಕ್ಕಷ್ಟೇ ಫೋನ್ ಮಾಡಿದ್ದರು.